ಹಳೆಯ ತಾಯಿ ಕಾರ್ಡ್ ಕೇಳಿದ ಅಕ್ಕನಿಗೆ

ನಿನ್ನೆ ರಕ್ತಪರೀಕ್ಷೆಯ ವರದಿ ಬಂತು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಶ್ಮಲ ಕ್ರಿಯಾಟಿನಿನ್; ಐದು ವರ್ಷಗಳ ಹಿಂದೆ 1.3 ಇದ್ದದ್ದು ಈಗಲೂ 1.3. ಮೂತ್ರಪಿಂಡ ಎಷ್ಟು ಸೋಸುತ್ತದೆ ಎಂದು ಹೇಳುವ ಇ-ಜಿಎಫ್‌ಆರ್ 54ರಿಂದ 52ಕ್ಕೆ ಬಂದಿದೆ. ಅದು ವಯಸ್ಸಿನ ಲೆಕ್ಕ ಎಂದರು ಡಾಕ್ಟರು. ಇಷ್ಟಕ್ಕೇ ಮನೆಯಲ್ಲಿ ಶಾವಿಗೆ ಪಾಯಸವಾಯಿತು.

ಮೊದಲ ನಮಸ್ಕಾರ ನಮ್ಮ ಬೀದಿಯ ಆಶಾ ಅಕ್ಕನಿಗೆ. ಮೂವತ್ತು ದಾಟಿದವರ ಸಮೀಕ್ಷೆಗೆಂದು ಬಂದವರು, ನನಗೆ ಬಸುರಿಯಲ್ಲಿ ಬಿ.ಪಿ. ಇತ್ತು ಎಂದದ್ದೇ ತಡ, ಪೆನ್ನು ಕೆಳಗಿಟ್ಟು ತಾಯಿ ಕಾರ್ಡ್ ಕೇಳಿದರು. ಮಗಳಿಗೆ ಆಗಲೇ ಒಂಬತ್ತು ವರ್ಷ! ಟ್ರಂಕಿನ ತಳದಲ್ಲಿ, ನಾಮಕರಣದ ಸೀರೆಯ ಮಡಿಕೆಯಲ್ಲಿ ಸಿಕ್ಕಿತು. ಎಂಟನೆಯ ತಿಂಗಳು, 160/110, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಎರಡು ಪ್ಲಸ್. ಅದಕ್ಕೆ ಪ್ರೀ-ಎಕ್ಲಾಂಪ್ಸಿಯಾ ಎನ್ನುತ್ತಾರೆಂದು ನನಗೆ ಗೊತ್ತಾದದ್ದೇ ಆಮೇಲೆ. ಹೆರಿಗೆಯಾದ ಆಸ್ಪತ್ರೆಯಲ್ಲಿ "ಮಗು ಹುಟ್ಟಿತಲ್ಲ, ಇನ್ನೆಲ್ಲ ಸರಿಹೋಗುತ್ತದೆ" ಎಂದು ಕಳುಹಿಸಿದ್ದರು. ಅಂಥ ಬಸುರಿಯ ನಂತರ ವರ್ಷಗಳು ಕಳೆದ ಮೇಲೂ ಮೂತ್ರಪಿಂಡದ ಕಾಯಿಲೆ ಬರುವ ಸಂಭವ ಹೆಚ್ಚು ಎಂದು ಯಾರೂ ಹೇಳಲಿಲ್ಲ. ಮಗುವನ್ನು ತಿಂಗಳು ತಿಂಗಳು ತೂಗಿದರು, ತಾಯಿಯ ಬಿ.ಪಿ. ನೋಡಿದವರಿಲ್ಲ.

ಮೂತ್ರಪಿಂಡದ ಡಾಕ್ಟರಮ್ಮನಿಗೆ ಎರಡನೆಯ ನಮಸ್ಕಾರ. ಅದೇ 1.3 ನೋಡಿ ಬೇರೊಬ್ಬರು "ಸ್ವಲ್ಪ ಹೆಚ್ಚು, ನೀರು ಕುಡಿಯಿರಿ" ಎಂದಿದ್ದರು. ಇವರು ಚೀಟಿಯ ಹಿಂದೆ ಎರಡು ಸಂಖ್ಯೆ ಬರೆದು ತೋರಿಸಿದರು: ಮೂವತ್ತೆಂಟರ ಗಂಡಸಿಗೆ 1.3 ಬಂದರೆ ಇ-ಜಿಎಫ್‌ಆರ್ ಸುಮಾರು 72, ಅದೇ ವಯಸ್ಸಿನ ಹೆಂಗಸಿಗೆ 54. ಕ್ರಿಯಾಟಿನಿನ್ ಮಾಂಸಖಂಡದಿಂದ ಬರುವುದು. ಹೆಂಗಸರಿಗೆ ಮಾಂಸಖಂಡ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಅದೇ 1.3 ಬಂದರೆ ಹೆಂಗಸಿನ ಮೂತ್ರಪಿಂಡ ಸೋಸುವುದು ಕಡಿಮೆ ಎಂದರ್ಥ. ಪಕ್ಕದಲ್ಲಿದ್ದ ನನ್ನ ಗಂಡನಿಗೂ ಮೂವತ್ತೆಂಟೇ. ಚೀಟಿಯನ್ನು ಅವರೇ ಮಡಚಿ ಜೇಬಿಗಿಟ್ಟುಕೊಂಡರು. ಅಂದಿನಿಂದ ಬಿ.ಪಿ. ಮಾತ್ರೆ ನೆನಪಿಸುವ ಕೆಲಸ ಅವರದು.

ಸೊಂಟನೋವಿಗೆ ಕೇಳಿದಾಗಲೆಲ್ಲ ನೋವಿನ ಮಾತ್ರೆ ಕೊಡುತ್ತಿದ್ದ ಮೆಡಿಕಲ್ ಅಂಗಡಿಯ ಹುಡುಗ ಈಗ "ಅಕ್ಕಾ, ನಿಮಗಿಲ್ಲ" ಎನ್ನುತ್ತಾನೆ. ಅವನಿಗೂ ಧನ್ಯವಾದ. ಅತ್ತೆ ನನ್ನ ಜೊತೆ ತಾವೂ ಉಪ್ಪಿನಕಾಯಿ ಬಿಟ್ಟರು, ಎಂದರೆ ನನ್ನೆದುರಿಗೆ ಬಿಟ್ಟರು. ಭರಣಿ ಖಾಲಿಯಾಗುತ್ತಲೇ ಇದೆ.

ಅಕ್ಕಾ, ಗುರುವಾರ ಲಸಿಕೆಗೆ ಬರುವಾಗ ಐದು ನಿಮಿಷ ಹೆಚ್ಚಿಗೆ ಇಟ್ಟುಕೊಂಡು ಬನ್ನಿ. ನಾದಿನಿ ಬಾಣಂತನಕ್ಕೆ ಬಂದಿದ್ದಾಳೆ. ಅವಳಿಗೂ ಕೊನೆಯ ತಿಂಗಳಲ್ಲಿ ಬಿ.ಪಿ. ಏರಿತ್ತು. ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದ್ದೇನೆ.