ಭಾನುವಾರದ ಮಾತಿಗೆ ವಿಷಯ: ಟ್ರಾನ್ಸ್‌ಫಾರ್ಮರ್

ಎಲ್ಲರಿಗೂ ನಮಸ್ಕಾರ. ಭಾನುವಾರ ಮಕ್ಕಳಿಗೆ ಹೇಳೋಕೆ ಉಗಿಯಂತ್ರ, ಅಚ್ಚಿನ ಯಂತ್ರ ಅಂತ ನಾಲ್ಕೈದು ಜನ ಹಾಕಿದ್ದೀರಿ, ಆದರೆ ನಮ್ಮ ಬೀದಿ ಕೊನೆಯಲ್ಲೇ ಗುಂಯ್ ಅನ್ನುತ್ತಾ ನಿಂತಿರುವ ಟ್ರಾನ್ಸ್‌ಫಾರ್ಮರ್ ಬಿಟ್ಟು ಅಷ್ಟು ದೂರ ಯಾಕೆ ಹೋಗಬೇಕು, ಅಲ್ವಾ?

1902ರಲ್ಲಿ ಶಿವನಸಮುದ್ರದಿಂದ ನಮ್ಮ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ನಮಗಿಂತ ತಡ! ಅಷ್ಟು ದೂರಕ್ಕೆ ಕರೆಂಟನ್ನು ವೋಲ್ಟೇಜ್ (ಅದನ್ನು ತಳ್ಳುವ ಒತ್ತಡ) ಏರಿಸಿ ಕಳಿಸಿದರೆ ತಂತಿ ಬಿಸಿಯಾಗಿ ಪೋಲಾಗುವುದು ಕಡಿಮೆ, ಊರು ಮುಟ್ಟಿದ ಮೇಲೆ ಮತ್ತೆ ಇಳಿಸಬೇಕು. ಈ ಏರಿಸುವ, ಇಳಿಸುವ ಕೆಲಸವೇ ಆ ಡಬ್ಬದ್ದು.

ಕೆಜಿಎಫ್ ಕಡೆಯವರು ತಾತಂದಿರ ಕಾಲದ ಗಣಿ ಫೋಟೊ ಇದ್ದರೆ ಶನಿವಾರದೊಳಗೆ ಹಾಕಿ. ಸುಮ್ನೆ ಗುಡ್ ಮಾರ್ನಿಂಗ್ ಚಿತ್ರ ಬೇಡ.