ಜೆಸಿಬಿ ಬರೀ ಟೆಂಟ್‌ಗಳಿಗೆ ಮಾತ್ರವೇ?

ಮಾನ್ಯ ಸಂಪಾದಕರೇ,

ಬೈಪಾಸ್ ಪಕ್ಕದ ಟೆಂಟ್‌ಗಳನ್ನು ಕಿತ್ತುಹಾಕಿದ ಸುದ್ದಿಗೆ ‘ಒತ್ತುವರಿ ತೆರವು’ ಎಂದು ಹೆಡ್ಡಿಂಗ್ ಕೊಟ್ಟಿದ್ದೀರಿ. ಯಾರ ಒತ್ತುವರಿ ಸ್ವಾಮಿ? ಅವರು ಅಲೆಮಾರಿ ಕಮ್ಮಾರರು. ವರ್ಷಾ ವರ್ಷ ಕೊಯ್ಲಿಗೆ ಮುಂಚೆ ಬಂದು, ತಿಂಗಳೊಪ್ಪತ್ತು ಕುಲುಮೆ ಹಾಕಿ, ಕತ್ತಿ, ಕೊಡಲಿ ಸರಿ ಮಾಡಿಕೊಟ್ಟು ಹೋಗುವವರು. ಅಡಿಕೆ ಸುಲಿಯುವ ನಮ್ಮ ಕತ್ತಿಗಳೂ ಅಲ್ಲೇ ಇದ್ದವು. ಈಗ ಮಣ್ಣಿನ ಗುಡ್ಡೆಯಲ್ಲಿ ಎಲ್ಲಿ ಹುಡುಕುವುದು? ಕೊಯ್ಲು ತಲೆ ಮೇಲೆ ಬಂದಿದೆ. ಸಾಲದ್ದಕ್ಕೆ ಜೆಸಿಬಿ ನೀರಿನ ಪೈಪನ್ನೂ ಒಡೆದು ಹೋಗಿದೆ. ನಲ್ಲಿಯಲ್ಲಿ ಬರೀ ಕೆಂಪು ನೀರು. ಕೆಸರಿಗೆ ಹೆದರಿ ಸ್ಕೂಲ್ ವ್ಯಾನ್ ಈ ಕಡೆ ಬರುತ್ತಿಲ್ಲ.

ಕೀಳುವಾಗ ನಾನು ಅಲ್ಲೇ ಇದ್ದೆ. ಕುಲುಮೆಯ ಕೆಂಡ ಇನ್ನೂ ಆರಿರಲಿಲ್ಲ. ಕಬ್ಬಿಣ ಬಡಿಯುವ ಅಡಿಗಲ್ಲು ಎತ್ತಿಕೊಳ್ಳುತ್ತೇವೆ, ಹತ್ತು ನಿಮಿಷ ಕೊಡಿ ಎಂದು ಒಬ್ಬ ಹೆಂಗಸು ಕೈಮುಗಿದರು. ಕೊಡಲಿಲ್ಲ. ನೋಟಿಸ್ ಕೊಟ್ಟಿದ್ರಾ ಎಂದು ಅಧಿಕಾರಿಗಳನ್ನು ಕೇಳಿದ್ದಕ್ಕೆ, ‘ಇವರಿಗೆಲ್ಲ ಎಂಥ ನೋಟಿಸು, ಇವರಿಂದ ಕಳ್ಳತನ ಜಾಸ್ತಿ’ ಎಂಬ ಉತ್ತರ ಬಂತು. ಅಲೆಮಾರಿಗಳನ್ನು ಹುಟ್ಟಿನಿಂದಲೇ ಕಳ್ಳರು ಎನ್ನುತ್ತಿದ್ದ ಬ್ರಿಟಿಷರ ಕಾಯ್ದೆ 1952ರಲ್ಲೇ ರದ್ದಾಗಿದೆ. ಈ ಅಧಿಕಾರಿಗಳ ತಲೆಯಿಂದ ಇನ್ನೂ ಹೋಗಿಲ್ಲ.

ಅದೇ ರಸ್ತೆಯ ಮೂಲೆ ಕಟ್ಟಡ ನೋಡಿ. ಸುತ್ತ ಬಿಡಬೇಕಾದ ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್ ಬಿಟ್ಟಿಲ್ಲ. ಪಾರ್ಕಿಂಗ್ ಜಾಗದಲ್ಲಿ ಅಂಗಡಿ, ಚರಂಡಿ ಮೇಲೆ ಮೆಟ್ಟಿಲು. ಮಳೆ ಬಂದರೆ ನೀರೆಲ್ಲ ನಮ್ಮ ಅಂಗಳಕ್ಕೆ. ದೂರು ಕೊಟ್ಟು ಕೊಟ್ಟು ಸಾಕಾಗಿದೆ. ಇಂಥವರಿಗಾಗಿಯೇ ಸರ್ಕಾರ ಅಕ್ರಮ-ಸಕ್ರಮ ತಂದಿತ್ತು. ವಾಸದ ಮನೆಗೆ ಶೇ 50, ವಾಣಿಜ್ಯ ಕಟ್ಟಡಕ್ಕೆ ಶೇ 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳಬಹುದಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕಟ್ಟಡಗಳು ಮಾತ್ರ ಅಲ್ಲಾಡಿಲ್ಲ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಸಕ್ರಮ ಮಾಡಿಸಿಕೊಳ್ಳಲು ಭೂಕಂದಾಯ ಕಾಯ್ದೆಯ 94ಸಿ, 94ಸಿಸಿ ಕಲಂ ಇದೆ. ಆದರೆ ಅಲ್ಲೇ ವರ್ಷಗಟ್ಟಲೆ ಇದ್ದೇವೆ ಎಂದು ದಾಖಲೆ ತೋರಿಸಬೇಕು. ಊರೂರು ತಿರುಗಿ ದುಡಿಯುವವರು ಅದನ್ನು ಎಲ್ಲಿಂದ ತರುತ್ತಾರೆ? ದಾಖಲೆ ಇದ್ದವರ ಗತಿಯೂ ಅಷ್ಟರಲ್ಲೇ ಇದೆ. ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎಂದು ನಮ್ಮ ತಂದೆ ಹಾಕಿದ ಬಗರ್ ಹುಕುಂ ಅರ್ಜಿ ಇನ್ನೂ ಕಚೇರಿಯಲ್ಲಿ ಕೊಳೆಯುತ್ತಿದೆ. ಕೇಳಲು ಹೋದರೆ ಸಾಹೇಬರು ಮೀಟಿಂಗ್‌ನಲ್ಲಿ ಇರುತ್ತಾರೆ. ಮನೆಗಳ ಹಿಂದೆ ಸ್ವಚ್ಛತೆ ಕೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳನ್ನು ನುಂಗಿದವರ ಮೇಲೆ ಏನು ಕ್ರಮ ಆಯಿತು, ಅದನ್ನೂ ಹೇಳಲಿ.

ಆ ಕುಟುಂಬಗಳಿಗೆ ನೀರು, ಶೌಚಾಲಯ ಇರುವ ತಂಗುವ ಜಾಗವನ್ನು ಕೂಡಲೇ ಗುರುತಿಸಿ ಕೊಡಬೇಕು. ಇಲ್ಲವಾದರೆ ಊರಿನ ಎಲ್ಲ ಒತ್ತುವರಿಯನ್ನೂ ಒಟ್ಟಿಗೇ ಕೆಡವಲಿ. ಪೈಪ್ ರಿಪೇರಿ ಇವತ್ತೇ ಆಗಬೇಕು. ಬಡವರ ಟೆಂಟ್ ಮುಂದೆ ಗುಡುಗುವ ಅಧಿಕಾರಿಗಳಿಗೆ ದೊಡ್ಡವರ ಗೇಟಿನ ಮುಂದೆ ಗಂಟಲೇ ಏಳುವುದಿಲ್ಲ. ನಾಚಿಕೆಯಾಗಬೇಕು ಇವರಿಗೆ.

– ಒಬ್ಬ ಅಡಿಕೆ ಬೆಳೆಗಾರ, ಶಿವಮೊಗ್ಗ