ಗಾಯಕ್ಕೆ ಸೊಪ್ಪಿನ ರಸ: ಪರೀಕ್ಷೆ ಕೊಡಗಿನಲ್ಲೇ ನಡೆಯಲಿ

ಮಾನ್ಯ ಸಂಪಾದಕರೇ,

ಮಳೆಗಾಲದ ಕಾಫಿ ತೋಟದಲ್ಲಿ ಕತ್ತಿಯ ಗಾಯ, ಮುಳ್ಳಿನ ಗೀರು, ಜಿಗಣೆ ಕಡಿತ ಇದ್ದದ್ದೇ. ಜಿಗಣೆಯ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ, ಅದು ಕಚ್ಚಿ ಉದುರಿದ ಮೇಲೂ ರಕ್ತ ಹರಿಯುತ್ತಲೇ ಇರುತ್ತದೆ. ಆಗ ತೋಟದಂಚಿನಲ್ಲಿ ಹಬ್ಬಿರುವ, ಕೇರಳದ ಕಡೆಯವರು ‘ಕಮ್ಯುನಿಸ್ಟ್ ಪಚ್ಚ’ ಎನ್ನುವ ಗಿಡದ ಎಲೆಯನ್ನು ಅಂಗೈಯಲ್ಲಿ ಹೊಸಕಿ ರಸ ಹಿಂಡುತ್ತಾರೆ. (ಹೆಸರಿನ ನಂಟು ನೋಡಿ ಕಾಂಗ್ರೆಸ್ ಗಿಡವನ್ನು ಯಾರೂ ಹಚ್ಚಿಕೊಳ್ಳದಿರಲಿ, ಆ ಪಾರ್ಥೇನಿಯಂ ಚರ್ಮಕ್ಕೆ ಅಲರ್ಜಿ ತರುವಂಥದ್ದು.)

ಹೀಗೆ ಗಾಯಕ್ಕೆ ಸೊಪ್ಪಿನ ರಸ ಹಿಂಡುವುದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಅಮೆರಿಕ ಖಂಡದಿಂದ ಬಂದ ಕಳೆಯಾದ ಕಮ್ಯುನಿಸ್ಟ್ ಪಚ್ಚದ ಎಲೆಯ ಸಾರವನ್ನು ವಿಯೆಟ್ನಾಮಿನಲ್ಲಿ ಸುಟ್ಟಗಾಯಗಳಿಗೂ ಬಳಸಿದ್ದಾರೆ. ನಮ್ಮ ಗದ್ದೆ ಬದುವಿನ ಒಂದೆಲಗದಲ್ಲಿರುವ ಏಷಿಯಾಟಿಕೋಸೈಡ್ ಎಂಬ ಅಂಶ, ಗಾಯ ಕೂಡಿಕೊಳ್ಳಲು ಬೇಕಾದ ಕೊಲಾಜನ್ ಎಂಬ ಪ್ರೋಟೀನ್ ಹೆಚ್ಚಲು ನೆರವಾಗುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಅರಿಶಿನದಿಂದ ಗಾಯ ಮಾಯಿಸುವ ವಿಧಾನಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟಿದ್ದ ಪೇಟೆಂಟ್, ನಮ್ಮ ದೇಶದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ದಾಖಲೆಗಳನ್ನು ಮುಂದಿಟ್ಟು ಆಕ್ಷೇಪಿಸಿದ ಮೇಲೆ 1997ರಲ್ಲಿ ರದ್ದಾಯಿತು. ಆದರೆ ಆ ಗೆಲುವಿನಿಂದ ಸಿದ್ಧವಾದದ್ದು ಈ ತಿಳಿವಳಿಕೆ ಹೊಸದಲ್ಲ ಎಂಬುದಷ್ಟೇ. ಎಂಥ ಗಾಯಕ್ಕೆ, ಎಷ್ಟು ಅರಿಶಿನ, ಎಷ್ಟು ದಿನ ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿರಲಿಲ್ಲ. ಬರ್ಚ್ ಮರದ ತೊಗಟೆಯ ಸಾರದಿಂದ ಮಾಡಿದ ಜೆಲ್ ಒಂದಕ್ಕೆ, ಚರ್ಮ ಗುಳ್ಳೆಯೆದ್ದು ಕಿತ್ತುಬರುವ ಅಪರೂಪದ ಕಾಯಿಲೆಯ ಗಾಯಗಳಿಗೆಂದು 2022ರಲ್ಲಿ ಯುರೋಪಿನಲ್ಲೂ 2023ರಲ್ಲಿ ಅಮೆರಿಕದಲ್ಲೂ ಅನುಮತಿ ದೊರೆತದ್ದು ರೋಗಿಗಳ ಮೇಲೆ ಪರೀಕ್ಷೆ ನಡೆಸಿದ ನಂತರವೇ.

ಶುದ್ಧೀಕರಿಸಿ, ಪ್ರಮಾಣ ನಿಗದಿಪಡಿಸಿದ ಸಾರವೇ ಬೇರೆ, ಕೆಸರುಗೈಯಲ್ಲಿ ಹಿಂಡಿದ ರಸವೇ ಬೇರೆ. ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣುಗಳಿರುತ್ತವೆ. ರಕ್ತ ನಿಂತ ಮಾತ್ರಕ್ಕೆ ಅವು ಸಾಯುವುದಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ತೋಟದ ಹಿರಿಯ ಕಾರ್ಮಿಕರೊಬ್ಬರು ಪಾದದ ಗಾಯಕ್ಕೆ ಸೊಪ್ಪು ಕಟ್ಟಿಕೊಂಡೇ ನಾಲ್ಕು ದಿನ ಕೆಲಸ ಮಾಡಿದರು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರಿಂದ ಅವರಿಗೆ ನೋವೇ ತಿಳಿದಿರಲಿಲ್ಲ, ಪಟ್ಟಿ ಬಿಚ್ಚಿದಾಗ ಕೀವು ತುಂಬಿತ್ತು. ಮೊದಲ ದಿನವೇ ಬಿಚ್ಚಿಸಿ ನೋಡದಿದ್ದುದು ನನ್ನ ತಪ್ಪು. ಈಗ ಕಾರ್ಮಿಕರ ಲೈನ್‌ಮನೆಗಳಲ್ಲಿ ಸೋಪು ಇಟ್ಟಿದ್ದೇವೆ, ಗಾಯವಾದರೆ ಮೊದಲು ಹರಿಯುವ ನೀರಿನಲ್ಲಿ ತೊಳೆಸಿ, ಆಳವಾಗಿದ್ದರೆ ಚುಚ್ಚುಮದ್ದಿಗೆ ಕಳುಹಿಸುತ್ತೇವೆ.

ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ, ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿದೆ. ಗಿಡ ಗುರುತಿಸಿ ಸಾರ ತೆಗೆಯುವವರೂ ಗಾಯ ನೋಡುವವರೂ ಒಂದೇ ಜಿಲ್ಲೆಯಲ್ಲಿರುವಾಗ, ಇಬ್ಬರೂ ಕೂಡಿ ಈ ಒಂದು ಎಲೆಯನ್ನಾದರೂ ಪರೀಕ್ಷೆಗೆ ಒಡ್ಡಬೇಕೆಂದು ಕೋರುತ್ತೇನೆ. ಎಲೆಗೆ ಬರವಿಲ್ಲ, ಬೇಕಾದಷ್ಟು ನಮ್ಮ ಬೇಲಿಯಿಂದಲೇ ಕೊಯ್ದು ಕೊಡುತ್ತೇವೆ.

ಇಂತಿ,
ಕಾಫಿ ಬೆಳೆಗಾರ, ದಕ್ಷಿಣ ಕೊಡಗು